ವಾಕಿಂಗ್ ಮಾಡಿ ಅಂದರೆ ಎಷ್ಟು ಮಾಡಬೇಕು?

ನಮ್ಮ ಚಿಕ್ಕಪ್ಪನ ಔಷಧಿ ಚೀಟಿ ಓದುವುದು ಸುಲಭ. ಶುಗರ್ ಮಾತ್ರೆ 1–0–1, ಬಿ.ಪಿ. ಮಾತ್ರೆ 1–0–0, ಕೊಲೆಸ್ಟ್ರಾಲಿನದು 0–0–1. ಎಷ್ಟು ಮಿಲಿಗ್ರಾಂ, ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನ ಎಂಬುದೆಲ್ಲ ಅಚ್ಚುಕಟ್ಟಾಗಿದೆ. ಕೊನೆಯಲ್ಲಿ ಒಂದು ಸಾಲು: ‘ವಾಕಿಂಗ್ ಮಾಡಿ.’ ಎಷ್ಟು ಹೊತ್ತು? ಎಷ್ಟು ಬಿರುಸಾಗಿ? ವಾರಕ್ಕೆ ಎಷ್ಟು ಸಲ? ಎಲ್ಲಿ ನಿಲ್ಲಿಸಬೇಕು? ಇದಕ್ಕೆಲ್ಲ ಉತ್ತರವಿಲ್ಲ. ಶುಗರ್ ಬಂದು ಹದಿನಾಲ್ಕು ವರ್ಷವಾಯಿತು, ಮಾತ್ರೆಗಳು ಬದಲಾದವು, ಆ ಸಾಲು ಮಾತ್ರ ಹಾಗೇ ಇದೆ.

ಚಿಕ್ಕಪ್ಪ ಆ ಸಾಲನ್ನು ತಪ್ಪದೆ ಪಾಲಿಸಿದವರೇ. ದಿನಾ ಬೆಳಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಗೆಳೆಯರ ಜೊತೆ ಹೊರಡುತ್ತಿದ್ದರು. ರಾಜಕೀಯದ ಮಾತು ಬಿಸಿಯೇರಿದಾಗ ನಡಿಗೆ ನಿಲ್ಲುತ್ತಿತ್ತು, ಮಾತು ತಣ್ಣಗಾದಾಗ ಮತ್ತೆ ಸಾಗುತ್ತಿತ್ತು. ಆಮೇಲೆ ಹೋಟೆಲಿನಲ್ಲಿ ಕಾಫಿ, ಅಲ್ಲಿಂದ ಮನೆ. ಹೋದ ವರ್ಷ ಮಹಡಿ ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿತು. ಡಾಕ್ಟರು ಇ.ಸಿ.ಜಿ., ಎಕೋ, ಟಿ.ಎಂ.ಟಿ. (ಟ್ರೆಡ್‌ಮಿಲ್ ಪರೀಕ್ಷೆ) ಎಲ್ಲ ಮಾಡಿಸಿ, ಹೃದಯಕ್ಕೆ ಸದ್ಯ ಅಪಾಯವಿಲ್ಲ ಎಂದು ಖಾತ್ರಿ ಮಾಡಿಕೊಂಡು ಫಿಸಿಯೋಥೆರಪಿ ವಿಭಾಗಕ್ಕೆ ಕಳಿಸಿದರು. ಜೊತೆಗೆ ನಾನಿದ್ದೆ.

ಕಾರಿಡಾರಿನಲ್ಲಿ ಆರು ನಿಮಿಷ

ಅಲ್ಲಿ ದೊಡ್ಡ ಯಂತ್ರವೇನೂ ಇರಲಿಲ್ಲ. ಉದ್ದನೆಯ ಕಾರಿಡಾರಿನಲ್ಲಿ 30 ಮೀಟರ್ ದೂರಕ್ಕೆ ಎರಡು ಕಿತ್ತಳೆ ಬಣ್ಣದ ಕೋನ್ ಇಟ್ಟಿದ್ದರು, ಪಕ್ಕದಲ್ಲೊಂದು ಕುರ್ಚಿ. ಫಿಸಿಯೋಥೆರಪಿಸ್ಟ್ ಹುಡುಗಿಯೊಬ್ಬರು ಚಿಕ್ಕಪ್ಪನನ್ನು ಹತ್ತು ನಿಮಿಷ ಸುಮ್ಮನೆ ಕೂರಿಸಿ ಬಿ.ಪಿ. ನೋಡಿದರು, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರು.

“ಇಷ್ಟಕ್ಕೂ ಟೆಸ್ಟಾ? ಮೂವತ್ತೊಂದು ವರ್ಷ ಬಸ್ಸಲ್ಲಿ ನಿಂತುಕೊಂಡೇ ಟಿಕೆಟ್ ಕೊಟ್ಟವನು ನಾನು ತಾಯಿ” ಎಂದರು ಚಿಕ್ಕಪ್ಪ.

“ಆಯ್ತು ಸರ್. ಈಗ ಆರು ನಿಮಿಷದಲ್ಲಿ ಎಷ್ಟು ದೂರ ಆಗುತ್ತೋ ಅಷ್ಟು ನಡೀರಿ. ಓಡಬೇಡಿ. ಸುಸ್ತಾದರೆ ನಿಂತುಕೊಳ್ಳಿ, ಆದರೆ ಗಡಿಯಾರ ನಿಲ್ಲಲ್ಲ” ಎಂದರು ಆ ಹುಡುಗಿ.

ಮೊದಲ ಎರಡು ಸುತ್ತು ಚಿಕ್ಕಪ್ಪ ಮಾತಾಡುತ್ತಲೇ ನಡೆದರು. ಮೂರನೇ ನಿಮಿಷಕ್ಕೆ ಮಾತು ತುಂಡಾಯಿತು. ನಾಲ್ಕನೆಯದಕ್ಕೆ ಪೂರಾ ನಿಂತೇ ಹೋಯಿತು. ಆರು ನಿಮಿಷಕ್ಕೆ ಆದದ್ದು 378 ಮೀಟರ್. ಆಮ್ಲಜನಕದ ಮಟ್ಟ 97ರಿಂದ 95ಕ್ಕೆ ಇಳಿದಿತ್ತು, ಅದು ಚಿಂತೆಯ ವಿಷಯವಲ್ಲ. ಆಕೆ ಬರೆದುಕೊಳ್ಳುತ್ತಾ, “ಕೆರೆ ಏರಿ ಮೇಲೆ ಮಾತು ಹೀಗೆ ನಿಲ್ಲುತ್ತಾ ಸರ್?” ಎಂದು ಕೇಳಿದರು. ಚಿಕ್ಕಪ್ಪ ಉಸಿರು ತಿರುಗಿಸಿಕೊಳ್ಳುತ್ತಾ ಇಲ್ಲವೆಂದು ತಲೆಯಾಡಿಸಿದರು. ಹದಿನಾಲ್ಕು ವರ್ಷ ಡೋಸ್ ಸಾಲದೆ ಹೋಗಿತ್ತು ಎಂಬುದು ಆಗ ಗೊತ್ತಾಯಿತು.

ಮಾತ್ರೆಗೆ ಡೋಸ್ ಇರುವ ಹಾಗೆ ವ್ಯಾಯಾಮಕ್ಕೂ ಡೋಸ್ ಇದೆ. ಕಡಿಮೆಯಾದರೆ ಕೆಲಸ ಮಾಡುವುದಿಲ್ಲ, ಹೆಚ್ಚಾದರೆ ತೊಂದರೆ. ಆದ್ದರಿಂದ ಮೊದಲು ಅಳೆಯಬೇಕು, ಆಮೇಲೆ ಬರೆದುಕೊಡಬೇಕು, ಕೆಲವು ವಾರಗಳ ನಂತರ ಮತ್ತೆ ಅಳೆಯಬೇಕು.

ಬಸ್ಸಿನಿಂದ ಬಂದ ಪಾಠ

ಚಿಕ್ಕಪ್ಪನ ‘ಬಸ್ಸಲ್ಲಿ ನಿಂತೇ ದುಡಿದವನು’ ಎಂಬ ವಾದಕ್ಕೂ ವೈದ್ಯಶಾಸ್ತ್ರದಲ್ಲಿ ಜಾಗವಿದೆ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ ನೋಡಿದರು. ದಿನವಿಡೀ ಕೂತು ಓಡಿಸುವ ಡ್ರೈವರುಗಳಿಗಿಂತ ನೂರಾರು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯ ಕಾಯಿಲೆ ಕಡಿಮೆಯಿತ್ತು. ದೈಹಿಕ ಶ್ರಮಕ್ಕೂ ಹೃದಯಕ್ಕೂ ಇರುವ ನಂಟನ್ನು ಲೆಕ್ಕದಲ್ಲಿ ತೋರಿಸಿದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು. ಆದರೆ ಆ ಲಾಭ ಬ್ಯಾಂಕಿನ ಠೇವಣಿಯ ಹಾಗೆ ಉಳಿಯುವುದಿಲ್ಲ. ನಿವೃತ್ತಿಯಾಗಿ ಕುರ್ಚಿ ಹಿಡಿದರೆ ಕೆಲವೇ ತಿಂಗಳಲ್ಲಿ ಕರಗಿಹೋಗುತ್ತದೆ.

2002ರಲ್ಲಿ ಅಮೆರಿಕದಲ್ಲಿ 6,213 ಗಂಡಸರ ಟ್ರೆಡ್‌ಮಿಲ್ ಪರೀಕ್ಷೆಯ ದಾಖಲೆ ಇಟ್ಟುಕೊಂಡು ಇನ್ನೊಂದು ಅಧ್ಯಯನ ಪ್ರಕಟವಾಯಿತು. ಬಿ.ಪಿ., ಶುಗರ್, ಸಿಗರೇಟು ಇವೆಲ್ಲಕ್ಕಿಂತಲೂ ಅವರ ಆಯುಷ್ಯವನ್ನು ಚೆನ್ನಾಗಿ ಸೂಚಿಸಿದ್ದು ಅವರು ಟ್ರೆಡ್‌ಮಿಲ್ ಮೇಲೆ ಎಷ್ಟು ಶ್ರಮ ತಡೆದುಕೊಂಡರು ಎಂಬ ಅಂಕಿ. ಆ ಅಂಕಿಗೆ ಮೆಟ್ ಎಂದು ಹೆಸರು.

ಟಿ.ಎಂ.ಟಿ. ರಿಪೋರ್ಟಿನಲ್ಲಿ ನಾವು ನೋಡದ ಸಾಲು

ಸುಮ್ಮನೆ ಕೂತಾಗ ದೇಹ ಬಳಸುವ ಆಮ್ಲಜನಕವೇ 1 ಮೆಟ್. ಲೆಕ್ಕಕ್ಕೆ ಒಂದು ಕಿಲೋ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರ್. ಮನೆ ಗುಡಿಸುವುದು 3ರ ಆಸುಪಾಸು, ಗಂಟೆಗೆ 5 ಕಿ.ಮೀ. ನಡಿಗೆ ಮೂರೂವರೆ, ಒಂದು ಮಹಡಿ ಮೆಟ್ಟಿಲು ಹತ್ತುವುದು ಸುಮಾರು 4.

ಟಿ.ಎಂ.ಟಿ. ಮಾಡಿಸಿಕೊಂಡವರು ‘ನೆಗೆಟಿವ್ ಬಂತು’ ಎಂದು ಸಮಾಧಾನಪಟ್ಟು ಫೈಲು ಮುಚ್ಚುತ್ತಾರೆ. ಹೃದಯಕ್ಕೆ ರಕ್ತ ಸಾಲುತ್ತಿದೆಯೇ ಎಂಬ ಪ್ರಶ್ನೆಗೆ ಅದು ಉತ್ತರ. ಅದೇ ಹಾಳೆಯಲ್ಲಿ ‘ಮೆಟ್ಸ್’ ಎಂಬ ಅಂಕಿಯೂ ಇರುತ್ತದೆ, ನಿಮ್ಮ ತಾಕತ್ತು ಎಷ್ಟು ಎಂಬುದಕ್ಕೆ ಅದು ಉತ್ತರ. 5ಕ್ಕಿಂತ ಕಡಿಮೆಯಿದ್ದರೆ ಎಚ್ಚರಿಕೆಯ ಗಂಟೆ, 8 ದಾಟಿದರೆ ಒಳ್ಳೆಯದು. ಮೇಲೆ ಹೇಳಿದ ಅಧ್ಯಯನದಲ್ಲಿ 1 ಮೆಟ್ ಹೆಚ್ಚಿದ್ದಷ್ಟಕ್ಕೂ ಬದುಕುಳಿಯುವ ಸಾಧ್ಯತೆ ಶೇ. 12ರಷ್ಟು ಹೆಚ್ಚಿತ್ತು. ಹಳೆಯ ರಿಪೋರ್ಟು ಮನೆಯಲ್ಲಿದ್ದರೆ ಇವತ್ತೇ ತೆಗೆದು ಆ ಸಾಲು ನೋಡಿ.

ಟಿ.ಎಂ.ಟಿ.ಗೆ ಹೆಚ್ಚಿನ ಆಸ್ಪತ್ರೆಗಳಲ್ಲಿ ಬಳಸುವುದು 1963ರಲ್ಲಿ ರಾಬರ್ಟ್ ಬ್ರೂಸ್ ರೂಪಿಸಿದ ಕ್ರಮ. ಮೊದಲ ಮೂರು ನಿಮಿಷ ಗಂಟೆಗೆ 2.7 ಕಿ.ಮೀ. ವೇಗ, ಶೇ. 10 ಏರು. ಮೂರು ಮೂರು ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತವೆ. ಹೋಗುವ ಮುನ್ನ ಮೂರು ಗಂಟೆ ಹೊಟ್ಟೆ ತುಂಬ ತಿನ್ನಬೇಡಿ, ನಡೆಯಲು ಹಗುರಾದ ಶೂ ಹಾಕಿಕೊಳ್ಳಿ. ಬೆಳಗಿನ ಮಾತ್ರೆ ತೆಗೆದುಕೊಳ್ಳಬೇಕೋ ಬೇಡವೋ ಎಂದು ಡಾಕ್ಟರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ. ಮುಗಿದ ಮೇಲೆ ಒಂದು ನಿಮಿಷದಲ್ಲಿ ನಾಡಿ ಎಷ್ಟು ಇಳಿಯಿತು ಎಂಬುದನ್ನೂ ಕೇಳಿ. 12ಕ್ಕಿಂತ ಹೆಚ್ಚು ಇಳಿಯಬೇಕು.

ಎಲ್ಲರಿಗೂ ಟಿ.ಎಂ.ಟಿ. ಬೇಕೇ? ಬೇಡ. ಯಾವ ತೊಂದರೆಯೂ ಇಲ್ಲದವರು ನಿಧಾನ ನಡಿಗೆ ಶುರುಮಾಡಲು ಪರೀಕ್ಷೆಗೆ ಕಾಯಬೇಕಿಲ್ಲ. ಎದೆನೋವು, ಏದುಸಿರು, ತಲೆಸುತ್ತು ಇರುವವರು, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು, ಬಹಳ ವರ್ಷದ ಶುಗರ್ ಇದ್ದು ಬಿರುಸಾದ ವ್ಯಾಯಾಮಕ್ಕೆ ಇಳಿಯುವವರು ಡಾಕ್ಟರನ್ನು ಕೇಳದೆ ಹೊರಡಬಾರದು. ಶುಗರ್ ಇರುವವರಲ್ಲಿ ಹೃದಯದ ತೊಂದರೆ ಎದೆನೋವೇ ಇಲ್ಲದೆ ಬರೀ ಏದುಸಿರಾಗಿ ಕಾಣಿಸಿಕೊಳ್ಳುವುದುಂಟು. ಆರು ನಿಮಿಷದ ನಡಿಗೆಯನ್ನೂ ಹೃದಯಾಘಾತವಾಗಿ ಒಂದು ತಿಂಗಳೊಳಗೆ ಮಾಡಿಸುವುದಿಲ್ಲ. ಕೂತಾಗಲೇ ಬಿ.ಪಿ. 180/100 ಅಥವಾ ನಾಡಿ 120 ದಾಟಿದ್ದರೆ ಸಾಮಾನ್ಯವಾಗಿ ಮುಂದೂಡುತ್ತಾರೆ.

ಮನೆಯಲ್ಲೇ ಮಾಡಿಕೊಳ್ಳಬಹುದಾದ ಎರಡು

ಕುರ್ಚಿ ಪರೀಕ್ಷೆ: ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. 60ರಿಂದ 64 ವಯಸ್ಸಿನ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಮಾಡಿದರೆ ಕಾಲಿನ ಬಲ ಸರಾಸರಿಗಿಂತ ಕೆಳಗಿದೆ ಎಂದು ಲೆಕ್ಕ. 70ರಿಂದ 74ರವರಿಗೆ ಇದು 12 ಮತ್ತು 10.

ನಾಲ್ಕು ಮೀಟರ್ ನಡಿಗೆ: ಹಜಾರದಲ್ಲಿ 4 ಮೀಟರ್ ಗುರುತು ಮಾಡಿ ನಿಮ್ಮ ಎಂದಿನ ವೇಗದಲ್ಲಿ ನಡೆಯಿರಿ. 5 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಫಿಸಿಯೋಥೆರಪಿಸ್ಟರನ್ನು ನೋಡಿ. ಎರಡಕ್ಕೂ ಮನೆಯವರೊಬ್ಬರು ಪಕ್ಕದಲ್ಲಿರಲಿ.

ಚೀಟಿಯಲ್ಲಿ ಇರಬೇಕಾದ ನಾಲ್ಕು ಮಾತು

ವಾರಕ್ಕೆ ಎಷ್ಟು ಸಲ, ಎಷ್ಟು ಬಿರುಸು, ಎಷ್ಟು ಹೊತ್ತು, ಯಾವ ಬಗೆ: ಈ ನಾಲ್ಕೂ ಇದ್ದರೆ ಅದು ವ್ಯಾಯಾಮದ ಚೀಟಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಂತೆ ದೀರ್ಘಕಾಲದ ಕಾಯಿಲೆ ಇರುವವರ ಗುರಿಯೂ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ, ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಬಲದ ವ್ಯಾಯಾಮ. ಇದು ತಲುಪಬೇಕಾದ ಊರು. ಹೊರಡುವ ಜಾಗ ಪರೀಕ್ಷೆಯಲ್ಲಿ ಸಿಕ್ಕ ಅಂಕಿ.

ನಾಲ್ಕರಲ್ಲಿ ಜನ ಎಡವುವುದು ಬಿರುಸಿನ ಲೆಕ್ಕದಲ್ಲಿ. ಇದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು ನಾಡಿ. 55 ವಯಸ್ಸಿನವರೊಬ್ಬರ ಎಂದಿನ ನಾಡಿ 75 ಎಂದುಕೊಳ್ಳಿ. 220ರಲ್ಲಿ ವಯಸ್ಸು ಕಳೆದರೆ 165, ಅಂದಾಜು ಗರಿಷ್ಠ. ಅದರಲ್ಲಿ 75 ಕಳೆದರೆ 90. ಈ 90ರ ಶೇ. 40 ಅಂದರೆ 36, ಶೇ. 59 ಅಂದರೆ 53. ಎರಡಕ್ಕೂ 75 ಕೂಡಿಸಿದರೆ ನಡೆಯುವಾಗ ನಾಡಿ 111ರಿಂದ 128ರ ನಡುವೆ ಇರಬೇಕು. ಫಿನ್ಲೆಂಡಿನ ಕಾರ್ವೋನೆನ್ 1957ರಲ್ಲಿ ಕೊಟ್ಟ ಸೂತ್ರದಿಂದ ಬಂದ ಲೆಕ್ಕ ಇದು. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆ ತಿನ್ನುವವರಿಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಆ ಮಾತ್ರೆಗಳು ನಾಡಿಯನ್ನು ಏರಲು ಬಿಡುವುದಿಲ್ಲ, ಸೂತ್ರದ ಅಂಕಿ ಮುಟ್ಟಲು ಹೋದವರು ಮಿತಿ ಮೀರಿ ದಣಿಯುತ್ತಾರೆ. ನಮ್ಮ ಚಿಕ್ಕಪ್ಪ ಈ ಗುಂಪಿನವರು.

ಎರಡನೆಯದು ಬೋರ್ಗ್ ಅಳತೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಶ್ರಮದ ಅನುಭವಕ್ಕೆ 6ರಿಂದ 20ರವರೆಗೆ ಅಂಕ ಕೊಟ್ಟರು. 11 ಅಂದರೆ ಹಗುರ, 13 ಸ್ವಲ್ಪ ಕಷ್ಟ, 15 ಕಷ್ಟ, 17 ಬಹಳ ಕಷ್ಟ. ಹೆಚ್ಚಿನವರು 12–13ರಲ್ಲಿ ಇರಬೇಕು.

ಮೂರನೆಯದು ಮಾತಿನ ಪರೀಕ್ಷೆ, ಯಾವ ಉಪಕರಣವೂ ಬೇಡ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಡು ಬಂದರೆ ಡೋಸ್ ಕಡಿಮೆ. ನಾಲ್ಕು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಹೆಚ್ಚು.

ನಮ್ಮ ಹಳೆಯ ವೈದ್ಯರೂ ಇದನ್ನು ಗಮನಿಸಿದ್ದರು. ಸುಶ್ರುತ ಸಂಹಿತೆಯಲ್ಲಿ ಪ್ರಮೇಹಕ್ಕೆ ವ್ಯಾಯಾಮವೂ ಚಿಕಿತ್ಸೆಯೇ. ಇರುವ ಬಲದಲ್ಲಿ ಅರ್ಧ ಮಾತ್ರ ಬಳಸಬೇಕೆಂಬುದು ಆಯುರ್ವೇದದ ನಿಯಮ. ಹಣೆ, ಕಂಕುಳಲ್ಲಿ ಬೆವರೊಡೆದು, ಬಾಯಿ ಒಣಗಿ, ಬಾಯಲ್ಲಿ ಉಸಿರಾಡುವಂತಾದರೆ ಅರ್ಧ ಮುಗಿಯಿತು ಎಂದರ್ಥ.

ಕಾಯಿಲೆಗೆ ತಕ್ಕ ಹಾಗೆ

ಶುಗರ್: ಸ್ನಾಯು ದುಡಿಯುವಾಗ ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ಈ ಪರಿಣಾಮ ಹೆಚ್ಚೆಂದರೆ ಎರಡು ಮೂರು ದಿನ ಉಳಿಯುತ್ತದೆ. ಆದ್ದರಿಂದ ಸತತ ಎರಡು ದಿನಕ್ಕಿಂತ ಹೆಚ್ಚು ಬಿಡುವು ಬೇಡ, ಭಾನುವಾರ ಒಂದೇ ದಿನ ಎರಡು ಗಂಟೆ ನಡೆದರೆ ವಾರದ ಲೆಕ್ಕ ತುಂಬುವುದಿಲ್ಲ. ಊಟವಾದ ಮೇಲೆ ನೂರು ಹೆಜ್ಜೆ ಹಾಕಬೇಕೆಂದು ಹಿರಿಯರು ಹೇಳುತ್ತಿದ್ದುದರಲ್ಲಿ ಹುರುಳಿದೆ. ನ್ಯೂಜಿಲೆಂಡಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೊಮ್ಮೆ 30 ನಿಮಿಷ ನಡೆಯುವುದಕ್ಕಿಂತ ಪ್ರತಿ ಊಟದ ನಂತರ 10 ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಹೆಚ್ಚು ತಗ್ಗಿತು. ರಾತ್ರಿ ಊಟದ ನಂತರವಂತೂ ಶೇ. 22ರಷ್ಟು.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಇರುವವರು ಹೊರಡುವ ಮುನ್ನ ಸಕ್ಕರೆ ನೋಡಿಕೊಳ್ಳಲಿ. 90ಕ್ಕಿಂತ ಕಡಿಮೆಯಿದ್ದರೆ ಮೊದಲು ಒಂದು ಬಾಳೆಹಣ್ಣು ತಿಂದು ಹೊರಡಿ. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ಮೂರು ಚಮಚ ಬಾಯಿಗೆ ಹಾಕಿಕೊಳ್ಳಿ. ಇಬ್ಬನಿ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಕಣ್ಣಿಗೆ ಒಳ್ಳೆಯದೆಂದು ಪಾರ್ಕಿನಲ್ಲಿ ಹೇಳುವವರಿದ್ದಾರೆ. ಅಂಗಾಲು ಜೋಮು ಹಿಡಿದವರು ಆ ಮಾತು ಕೇಳಬೇಡಿ. ಮುಳ್ಳು ಚುಚ್ಚಿದ್ದು ಗೊತ್ತಾಗದೆ ಗಾಯ ಕೊಳೆಯುತ್ತದೆ. ಕಣ್ಣಿನ ಪರದೆಯಲ್ಲಿ ರಕ್ತಸ್ರಾವದ ಅಪಾಯವಿದೆ ಎಂದು ಹೇಳಿಸಿಕೊಂಡವರು ಭಾರ ಎತ್ತುವುದು, ಶೀರ್ಷಾಸನ, ಸರ್ವಾಂಗಾಸನ ಬಿಡಬೇಕು.

ಬಿ.ಪಿ.: ಕ್ರಮವಾಗಿ ನಡೆದರೆ ಮೇಲಿನ ಅಂಕಿ ಸರಾಸರಿ 5ರಿಂದ 8ರಷ್ಟು ಇಳಿಯುತ್ತದೆ. ಭಾರ ಎತ್ತುವಾಗ ಉಸಿರು ಬಿಗಿಹಿಡಿಯಬೇಡಿ, ಎತ್ತುವಾಗ ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಬಿರುಸು ನಡಿಗೆಯನ್ನು ಥಟ್ಟನೆ ನಿಲ್ಲಿಸಿದರೆ ರಕ್ತ ಕಾಲಿಗಿಳಿದು ತಲೆ ಸುತ್ತಬಹುದು. ಕೊನೆಯ ಐದು ನಿಮಿಷ ನಿಧಾನವಾಗಿ ನಡೆದು ಮುಗಿಸಿ.

ಹೃದಯ: ಸ್ಟೆಂಟ್, ಬೈಪಾಸ್ ಆದವರಿಗೆ ಕಾರ್ಡಿಯಾಕ್ ರಿಹ್ಯಾಬ್ ಎಂಬ ವ್ಯವಸ್ಥೆಯಿದೆ. ಡಿಸ್ಚಾರ್ಜ್ ಆಗುವ ದಿನವೇ ಅದನ್ನು ಕೇಳಿ. ಶ್ರಮದಲ್ಲಿ ಎದೆನೋವು ಬರುವವರಿಗೆ ಟಿ.ಎಂ.ಟಿ. ನೇರವಾಗಿ ಚೀಟಿ ಬರೆದುಕೊಡುತ್ತದೆ. ನಾಡಿ 120 ಮುಟ್ಟಿದಾಗ ಇ.ಸಿ.ಜಿ. ಬದಲಾಯಿತು ಎನ್ನಿ, ಅದಕ್ಕಿಂತ 10 ಕಡಿಮೆ, ಅಂದರೆ 110 ಅವರ ಗಡಿ. ಬೈಪಾಸ್ ಆದವರು ಎದೆಮೂಳೆ ಕೂಡುವ ತನಕ, ಸಾಮಾನ್ಯವಾಗಿ 8ರಿಂದ 12 ವಾರ, ತುಂಬಿದ ಬಿಂದಿಗೆ ಎತ್ತಬಾರದು. ಯೋಗ ಮಾಡಬಹುದೇ? ಭಾರತದ 24 ಆಸ್ಪತ್ರೆಗಳಲ್ಲಿ ಹೃದಯಾಘಾತವಾದ ಸುಮಾರು 4,000 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯೋಗ ಮಾಡಿದವರು ಹಿಂದಿನ ದಿನಚರಿಗೆ ಚೆನ್ನಾಗಿ ಮರಳಿದರು. ಸಾವು, ಮರು ಆಘಾತ ಕಡಿಮೆಯಾದವು ಎಂದು ಮಾತ್ರ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ.

ದಮ್ಮು: ಬೀಡಿ ಸೇದಿದವರಿಗಷ್ಟೇ ಬರುವ ಕಾಯಿಲೆ ಇದು ಎನ್ನುವಂತಿಲ್ಲ, ಸೌದೆ ಒಲೆಯ ಹೊಗೆ ಕುಡಿದ ಎಷ್ಟೋ ಹೆಂಗಸರಿಗೂ ಇದೆ. ಒಂದು ನಿಮಿಷ ನಡೆದು ಒಂದು ನಿಮಿಷ ನಿಂತು ಶುರುಮಾಡಿ. ಮೂಗಿನಿಂದ ಎಳೆದ ಉಸಿರನ್ನು ಬಿಸಿ ಹಾಲು ಊದುವ ಹಾಗೆ ತುಟಿ ಕಿರಿದು ಮಾಡಿ ನಿಧಾನವಾಗಿ ಬಿಡಿ. ಆಕ್ಸಿಮೀಟರಿನಲ್ಲಿ 88ಕ್ಕಿಂತ ಕೆಳಗಿಳಿದರೆ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ.

ಮಂಡಿನೋವು: ‘ಮಂಡಿ ಸವೆದಿದೆ, ನಡೆಯಬಾರದು’ ಎನ್ನುವುದು ತಪ್ಪು ತಿಳಿವಳಿಕೆ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಹೊರೆ ಇಳಿಯುತ್ತದೆ. ಹತ್ತಕ್ಕೆ ಐದರೊಳಗಿನ ನೋವು ಬಂದು ಮರುದಿನದೊಳಗೆ ಇಳಿದರೆ ಮುಂದುವರಿಸಿ. ಉಳಿದುಕೊಂಡರೆ ಹೊತ್ತು ಕಡಿಮೆ ಮಾಡಿ.

ಯಾರೇ ಆಗಲಿ, ಎದೆಯಲ್ಲಿ ಒತ್ತಿದಂತಾಗಿ ದವಡೆಗೋ ಎಡಗೈಗೋ ನೋವು ಹರಿದರೆ, ತಣ್ಣನೆ ಬೆವರು ಬಂದರೆ, ಕಣ್ಣು ಕತ್ತಲಿಟ್ಟರೆ ಅಲ್ಲೇ ನಿಲ್ಲಿಸಿ ಕೂರಿ. ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿಸಿ. ಜ್ವರ ಇರುವ ದಿನ ವ್ಯಾಯಾಮಕ್ಕೆ ರಜೆ.

ಚಿಕ್ಕಪ್ಪನ ಹೊಸ ಚೀಟಿ

378 ಮೀಟರನ್ನು ಹತ್ತರಿಂದ ಗುಣಿಸಿದರೆ ಗಂಟೆಗೆ 3.78 ಕಿ.ಮೀ. ಅದರ ಶೇ. 80, ಅಂದರೆ ಗಂಟೆಗೆ ಸುಮಾರು 3 ಕಿ.ಮೀ. ವೇಗದಿಂದ ಶುರು. ಅವರಿಗೆ ಬರೆದುಕೊಟ್ಟದ್ದು ಹೀಗೆ:

1–2ನೇ ವಾರ: ತಿಂಡಿಯ ನಂತರ, ರಾತ್ರಿ ಊಟದ ನಂತರ 10 ನಿಮಿಷ, ನಿಲ್ಲದೆ 500 ಮೀಟರ್. ವಾರಕ್ಕೆ 5 ದಿನ.

3–6ನೇ ವಾರ: ಪ್ರತಿ ಸಲ 15 ನಿಮಿಷ. ವೇಗ ಅಷ್ಟೇ. ವಾರಕ್ಕೆ ಎರಡು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ, ಹಿಮ್ಮಡಿ ಎತ್ತುವುದು, ತಲಾ 10 ಸಲ.

7–12ನೇ ವಾರ: ಒಂದು ಹೊತ್ತು 20 ನಿಮಿಷ, ನಡುನಡುವೆ ಎರಡೆರಡು ನಿಮಿಷ ಬಿರುಸು. ಬೋರ್ಗ್ 13 ದಾಟಬಾರದು.

ಕೊನೆಯ ಸಾಲು: 12 ವಾರಕ್ಕೆ ಮತ್ತೆ ಬನ್ನಿ.

ಮೊದಲು ಹೊತ್ತು ಹೆಚ್ಚಿಸಿ ಆಮೇಲೆ ಬಿರುಸು ಹೆಚ್ಚಿಸುವುದು ಇದರ ಗುಟ್ಟು. ಇದು ಅವರ ಚೀಟಿ. ಪಕ್ಕದ ಮನೆಯವರ ಮಾತ್ರೆ ನುಂಗದ ಹಾಗೆಯೇ ಇದನ್ನೂ ನಕಲು ಮಾಡಬೇಡಿ. ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಅಥವಾ ಊರಿನ ಫಿಸಿಯೋಥೆರಪಿಸ್ಟರ ಬಳಿ ಕೇಳಿ. ಬೇಕಿರುವುದು ಒಂದು ಕಾರಿಡಾರು, ಒಂದು ಆಕ್ಸಿಮೀಟರು, ಬರೆದುಕೊಡುವ ಮನಸ್ಸು. ಅಂಥವರು ಸಿಗದಿದ್ದರೆ ನಿಮ್ಮ ಡಾಕ್ಟರಿಗೇ ಆ ನಾಲ್ಕು ಪ್ರಶ್ನೆ ಹಾಕಿ, ಉತ್ತರವನ್ನು ಚೀಟಿಯ ಮೇಲೇ ಬರೆಸಿಕೊಳ್ಳಿ.

ಹನ್ನೆರಡು ವಾರದ ನಂತರ ಚಿಕ್ಕಪ್ಪ ಅದೇ ಕಾರಿಡಾರಿನಲ್ಲಿ 432 ಮೀಟರ್ ನಡೆದರು. 30 ಮೀಟರಿನಷ್ಟು ಹೆಚ್ಚಿದರೂ ದಿನನಿತ್ಯದಲ್ಲಿ ವ್ಯತ್ಯಾಸ ತಿಳಿಯುತ್ತದೆ ಎನ್ನುತ್ತಾರೆ, ಇವರದು 54. ಮೂರು ತಿಂಗಳ ಸರಾಸರಿ ಶುಗರ್ 8.4ರಿಂದ 7.8ಕ್ಕೆ ಬಂತು. ಮಾತ್ರೆ ಒಂದೂ ನಿಂತಿಲ್ಲ, ನಿಲ್ಲುತ್ತದೆ ಎಂದು ಯಾರೂ ಹೇಳಿಯೂ ಇರಲಿಲ್ಲ. ಮಹಡಿ ಮೆಟ್ಟಿಲಿನಲ್ಲಿ ಮಧ್ಯೆ ನಿಲ್ಲುವುದು ತಪ್ಪಿದೆ.

ಈಗಲೂ ಅವರು ಕುಕ್ಕರಹಳ್ಳಿಗೆ ಹೋಗುತ್ತಾರೆ, ತಿಂಡಿ ಮುಗಿಸಿ. ಗೆಳೆಯರು ರಾಜಕೀಯ ತೆಗೆದರೆ “ಹೂಂ”, “ಉಹೂಂ” ಎಂದಷ್ಟೇ ಉತ್ತರ ಕೊಟ್ಟು ಮುಂದೆ ಸಾಗುತ್ತಾರಂತೆ. ಉಳಿದ ವಾದವೆಲ್ಲ ಹೋಟೆಲಿನ ಕಾಫಿಗೆ ಮೀಸಲು.